ಎರಡೂ ಕಡೆ ಕೆಂಪು ಉರಿಯುವ ಹೊತ್ತು: ತಾತ್ಕಾಲಿಕ ಸಿಗ್ನಲ್ ನಿಯಮಗಳ ಹಿಂದಿನ ಲೆಕ್ಕ

ರಸ್ತೆಯ ಒಂದು ಬದಿ ಅಗೆದಿದ್ದಾರೆ. ಪೈಪ್ ಹಾಕುವುದೋ, ಕೇಬಲ್ ಎಳೆಯುವುದೋ, ಸೇತುವೆ ರಿಪೇರಿಯೋ, ಏನೋ ಒಂದು. ಉಳಿದ ಅರ್ಧದಲ್ಲೇ ಎರಡೂ ದಿಕ್ಕಿನ ವಾಹನ ಹೋಗಬೇಕು. ಈ ತುದಿಗೊಂದು, ಆ ತುದಿಗೊಂದು ಎಳೆದು ತಂದು ನಿಲ್ಲಿಸಿದ ಸಿಗ್ನಲ್ ದೀಪ. ನಿಮ್ಮ ಕಡೆ ಕೆಂಪು. ಎದುರಿನಿಂದ ಒಂದು ವಾಹನವೂ ಬರುತ್ತಿಲ್ಲ. ಅರ್ಧ ನಿಮಿಷ ಕಳೆಯಿತು. ಒಂದು ನಿಮಿಷವೂ ಕಳೆಯಿತು. ಹಿಂದಿನವರು ಹಾರ್ನ್ ಹೊಡೆಯಲು ಶುರು ಮಾಡಿದರು. ‘ಸಿಗ್ನಲ್ ಕೆಟ್ಟಿರಬೇಕು, ಹೋಗಿಬಿಡೋಣ’ ಅಂತ ಮನಸ್ಸು ಹೇಳುತ್ತದೆ, ಅಲ್ವಾ?

ನನಗೂ ಎಷ್ಟೋ ಸಲ ಹಾಗೆ ಅನಿಸಿದೆ. ಆದರೆ ಯಾರೂ ಬಾರದ ಆ ಖಾಲಿ ಹೊತ್ತು ಸುಮ್ನೆ ಇಟ್ಟದ್ದಲ್ಲ. ತಾತ್ಕಾಲಿಕ ಸಿಗ್ನಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಹಸಿರೂ ಅಲ್ಲ, ಒಂದು ಕಡೆಯ ಕೆಂಪೂ ಅಲ್ಲ. ಎರಡೂ ಕಡೆ ಒಟ್ಟಿಗೆ ಕೆಂಪು ಉರಿಯುವ ಆ ಕೆಲವು ಸೆಕೆಂಡುಗಳೇ ಜೀವ ಉಳಿಸುವುದು. ಇಂಥ ಸಿಗ್ನಲ್ ಎಲ್ಲಿಡಬೇಕು, ಯಾರು ಇಡಬೇಕು, ಎಷ್ಟು ಹೊತ್ತು ಉರಿಸಬೇಕು ಎಂದು ಬೇರೆ ಬೇರೆ ದೇಶಗಳು ಬರೆದಿಟ್ಟಿರುವ ನಿಯಮಗಳನ್ನು ಓದಿದರೆ, ಅವೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ. ತನ್ನ ಕಣ್ಣಿಗೆ ಕಾಣದ್ದನ್ನು ಚಾಲಕ ನಂಬಬೇಕು. ಆ ನಂಬಿಕೆ ಸುಳ್ಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

ನಾಲ್ಕು ರಸ್ತೆ ಕೂಡುವಲ್ಲಿ ಇರುವ ಮಾಮೂಲಿ ಸಿಗ್ನಲ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ. ಅಲ್ಲಿ ನಿಮ್ಮನ್ನು ಯಾಕೆ ನಿಲ್ಲಿಸಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಅಡ್ಡ ರಸ್ತೆಯ ವಾಹನ ಎದುರಿಗೇ ಓಡುತ್ತಿರುತ್ತವೆ. ಕೆಲಸ ನಡೆಯುವ ಜಾಗದಲ್ಲಿ ಹಾಗಲ್ಲ. ಇನ್ನೊಂದು ತುದಿ ಇನ್ನೂರು ಮೀಟರ್ ಆಚೆ ಇರುತ್ತದೆ, ತಿರುವಿನ ಹಿಂದೆಯೋ ಮಣ್ಣಿನ ಗುಡ್ಡೆಯ ಮರೆಯಲ್ಲೋ ಇರುತ್ತದೆ. ಅಲ್ಲಿ ಯಾರು ಹೊರಟಿದ್ದಾರೆ ಅಂತ ಹೇಳಲು ಈ ದೀಪವೇ ಗತಿ.

ಇದೇ ಸಮಸ್ಯೆ ರೈಲಿಗೆ ಬಹಳ ಹಿಂದೆಯೇ ಬಂದಿತ್ತು. ಒಂದೇ ಹಳಿಯ ಮಾರ್ಗದಲ್ಲಿ ಎರಡು ರೈಲು ಎದುರುಬದುರಾಗಬಾರದು. ಅದಕ್ಕೆ ಕಂಡುಕೊಂಡ ಉಪಾಯ ಟೋಕನ್. ಆ ಭಾಗಕ್ಕೆ ಒಂದು ಸಲಕ್ಕೆ ಒಂದೇ ಟೋಕನ್ ಹೊರಗೆ ಬರುತ್ತದೆ. ಅದು ಕೈಗೆ ಸಿಗದೆ ಡ್ರೈವರ್ ಗಾಡಿ ಹೊರಡಿಸುವಂತಿಲ್ಲ. ಅಮೆರಿಕದ ರಸ್ತೆ ಸಂಚಾರ ಕೈಪಿಡಿ ಎಂಯುಟಿಸಿಡಿಯಲ್ಲಿ ರಸ್ತೆ ಕೆಲಸಕ್ಕೂ ಇಂಥದ್ದೇ ಒಂದು ಪದ್ಧತಿ ಹೇಳಿದ್ದಾರೆ. ಈ ತುದಿಯಲ್ಲಿ ನಿಂತವರು ಹೊರಡುವ ಕೊನೆಯ ವಾಹನದ ಚಾಲಕರ ಕೈಗೆ ಒಂದು ಕೆಂಪು ಬಾವುಟ ಕೊಡುತ್ತಾರೆ. ಚಾಲಕರು ಅದನ್ನು ಆ ತುದಿಯಲ್ಲಿ ನಿಂತವರಿಗೆ ಒಪ್ಪಿಸುತ್ತಾರೆ. ಬಾವುಟ ಕೈಗೆ ಬಂತು ಅಂದರೆ ದಾರಿ ಖಾಲಿ. ಆಮೇಲೆ ಆ ಕಡೆಯವರನ್ನು ಬಿಡುತ್ತಾರೆ. ನನಗೆ ಈ ಪದ್ಧತಿ ಬಹಳ ಇಷ್ಟ. ಇದರಲ್ಲಿ ಊಹೆಗೆ ಜಾಗವೇ ಇಲ್ಲ.

ದೀಪಕ್ಕೆ ಮಾತ್ರ ಬಾವುಟ ಸಿಗುವುದಿಲ್ಲ. ಟೈಮರ್ ಮೇಲೆ ಓಡುವ ಸಿಗ್ನಲ್‌ಗೆ ಕೊನೆಯ ವಾಹನ ದಾಟಿತೋ ಇಲ್ಲವೋ ಗೊತ್ತಾಗುವುದಿಲ್ಲ. ಇಷ್ಟು ಹೊತ್ತಿಗೆ ದಾಟಿರಬೇಕು ಅಂತ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಆ ಲೆಕ್ಕದಂತೆ ಎರಡೂ ಕಡೆ ಕೆಂಪು ಉರಿಸುವ ಹೊತ್ತಿಗೆ ಈ ಕೆಲಸದವರು ಇಟ್ಟಿರುವ ಹೆಸರು ‘ಆಲ್ ರೆಡ್’.

ದಾರಿ ಖಾಲಿಯಾಗಲು ಎಷ್ಟು ಹೊತ್ತು?

ಲೆಕ್ಕ ಸುಲಭ. ಅಗೆದ ಜಾಗದ ಉದ್ದ 200 ಮೀಟರ್ ಇದೆ ಅನ್ನಿ. ಉದ್ದ ಅಂದರೆ ಗುಂಡಿಯ ಉದ್ದವಲ್ಲ, ಈ ಕಡೆ ನಿಲ್ಲುವ ಗೆರೆಯಿಂದ ಆ ಕಡೆ ನಿಲ್ಲುವ ಗೆರೆಯವರೆಗಿನ ಉದ್ದ. ಗಂಟೆಗೆ 30 ಕಿ.ಮೀ. ವೇಗದ ಕಾರು ಅದನ್ನು ದಾಟಲು 24 ಸೆಕೆಂಡ್ ಬೇಕು. ಹಾಗಾಗಿ ಈ ಕಡೆಯ ಹಸಿರು, ಹಳದಿ ಮುಗಿದ ಮೇಲೆ ಕಡಿಮೆ ಅಂದರೂ 24 ಸೆಕೆಂಡ್ ಎರಡೂ ಕಡೆ ಕೆಂಪೇ ಇರಬೇಕು. ಹಳದಿ ಮುಗಿಯುವ ಕೊನೆ ಗಳಿಗೆಯಲ್ಲಿ ಒಳಗೆ ಹೋದ ಕಾರು ಹೊರಬೀಳುವ ತನಕ ಎದುರಿನವರು ಹೊರಡಬಾರದು.

ಈಗ ಅದೇ ಜಾಗಕ್ಕೆ ಒಂದು ಸೈಕಲ್ ಬರಲಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿದರೆ 48 ಸೆಕೆಂಡ್ ಬೇಕು. ರಸ್ತೆ ಏರಾಗಿದ್ದು ವೇಗ 10 ಕಿ.ಮೀ.ಗೆ ಇಳಿದರೆ 72 ಸೆಕೆಂಡ್. ಕಾರಿನ ಲೆಕ್ಕದಲ್ಲಿ ಟೈಮರ್ ಇಟ್ಟಿದ್ದರೆ ಸೈಕಲ್ಲಿನವರು ಅರ್ಧ ದಾರಿಯಲ್ಲಿ ಇರುವಾಗಲೇ ಎದುರಿನ ಲಾರಿಗೆ ಹಸಿರು ಬಂದಿರುತ್ತದೆ. ಒಂದು ಬದಿಗೆ ಗುಂಡಿ, ಇನ್ನೊಂದು ಬದಿಗೆ ಬ್ಯಾರಿಕೇಡ್. ಸರಿಯಲು ಜಾಗವೇ ಇಲ್ಲ. ತಪ್ಪು ಸೈಕಲ್ಲಿನವರದ್ದೂ ಅಲ್ಲ, ಲಾರಿಯವರದ್ದೂ ಅಲ್ಲ. ಇಬ್ಬರೂ ದೀಪ ನೋಡಿಯೇ ಹೊರಟವರು. ದೀಪವೇ ಇಬ್ಬರಿಗೂ ಸುಳ್ಳು ಹೇಳಿತು.

ಆದ್ದರಿಂದ ಆ ದಾರಿಯಲ್ಲಿ ಹೋಗುವವರಲ್ಲಿ ಅತಿ ನಿಧಾನದವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಸೈಕಲ್, ಟ್ರ್ಯಾಕ್ಟರ್, ಏರಿನಲ್ಲಿ ಮೊದಲ ಗೇರ್‌ನಲ್ಲಿ ಹತ್ತುವ ತುಂಬಿದ ಲಾರಿ, ಇವರೆಲ್ಲ ಲೆಕ್ಕದೊಳಗೆ ಬರಬೇಕು. ಏರು ಇರುವ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಒಂದೇ ಸಮಯ ಇಡುವುದೂ ತಪ್ಪು. ಮೇಲಕ್ಕೆ ಹೋಗುವವರ ನಂತರದ ಕೆಂಪು ಉದ್ದ ಇರಬೇಕು, ಇಳಿಯುವವರ ನಂತರದ್ದು ಅದಕ್ಕಿಂತ ಚಿಕ್ಕದಾದರೂ ನಡೆಯುತ್ತದೆ.

ಇಲ್ಲಿ ಒಂದು ಮಾತು ಎದ್ದೇ ಏಳುತ್ತದೆ. ಇಷ್ಟು ಹೊತ್ತು ಎಲ್ಲರನ್ನೂ ನಿಲ್ಲಿಸಿದರೆ ಟ್ರಾಫಿಕ್ ಜಾಮ್ ಆಗುವುದಿಲ್ಲವೇ? ಆಗುತ್ತದೆ. 200 ಮೀಟರ್ ಜಾಗಕ್ಕೆ ಎರಡೂ ಕಡೆ 30 ಸೆಕೆಂಡ್ ಹಸಿರು, 3 ಸೆಕೆಂಡ್ ಹಳದಿ, ಕಾರಿನ ಲೆಕ್ಕದ್ದೇ 24 ಸೆಕೆಂಡ್ ಆಲ್ ರೆಡ್ ಇಟ್ಟರೂ ಒಂದು ಸುತ್ತಿಗೆ 114 ಸೆಕೆಂಡ್ ಆಯಿತು. ಹಸಿರು ಇದ್ದಾಗ ಎರಡು ಸೆಕೆಂಡಿಗೊಂದು ವಾಹನ ಹೊರಟರೆ ಒಂದು ದಿಕ್ಕಿನಲ್ಲಿ ಗಂಟೆಗೆ 470ರಷ್ಟು ವಾಹನ ದಾಟುತ್ತವೆ. ಅದಕ್ಕಿಂತ ಜಾಸ್ತಿ ಬಂದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆಗ ಕೆಲಸದವರ ಕೈ ಮೊದಲು ಹೋಗುವುದೇ ಆಲ್ ರೆಡ್ ಕಡೆಗೆ. ‘ಆ ಖಾಲಿ ಹೊತ್ತು ಸುಮ್ನೆ ದಂಡ, ಹತ್ತು ಸೆಕೆಂಡ್ ಕಡಿಮೆ ಮಾಡಿ’ ಎಂಬ ಒತ್ತಡ ಬರುತ್ತದೆ. ಕತ್ತರಿಸಬಾರದ ಜಾಗವೇ ಅದು.

ಕತ್ತರಿಸಬೇಕಾದದ್ದು ಉದ್ದವನ್ನು. ಅದೇ ಕೆಲಸವನ್ನು ಎರಡು ಹಂತ ಮಾಡಿ, ಒಂದು ಸಲಕ್ಕೆ 100 ಮೀಟರ್ ಮಾತ್ರ ಅಗೆದರೆ ಆಲ್ ರೆಡ್ 12 ಸೆಕೆಂಡಿಗೆ ಇಳಿಯುತ್ತದೆ. ಒಂದು ಸುತ್ತು 90 ಸೆಕೆಂಡ್ ಆಗುತ್ತದೆ. ಒಂದು ದಿಕ್ಕಿನಲ್ಲಿ ಗಂಟೆಗೆ 600 ವಾಹನ ಹೋಗಬಹುದು. ಸುರಕ್ಷತೆ ಒಂದು ಚೂರೂ ಕಡಿಮೆಯಾಗುವುದಿಲ್ಲ. ಸಾಲು ಬೆಳೆಯುತ್ತಿದೆ ಅಂದರೆ ಟೈಮರ್ ತಿರುಗಿಸುವ ಮೊದಲು ಗುತ್ತಿಗೆದಾರರು ಒಂದೇ ಸಲಕ್ಕೆ ಎಷ್ಟು ರಸ್ತೆ ಹಿಡಿದಿದ್ದಾರೆ ಅಂತ ಕೇಳಬೇಕು. ಎಷ್ಟೋ ಕಡೆ ಕೆಲಸ ನಡೆಯುವುದು ಇಪ್ಪತ್ತು ಮೀಟರ್‌ನಲ್ಲಿ, ಕೋನ್ ಇಟ್ಟಿರುವುದು ಇನ್ನೂರು ಮೀಟರ್‌ಗೆ.

ಬ್ರಿಟನ್ನಿನ ನಿಯಮ ಈ ಉದ್ದದ ಬಗ್ಗೆ ಬಹಳ ಸ್ಪಷ್ಟ. ಅಲ್ಲಿ 1991ರ ಬೀದಿ ಕಾಮಗಾರಿ ಕಾಯ್ದೆಯ ಅಡಿ ಒಂದು ಸುರಕ್ಷತಾ ಸಂಹಿತೆ ಇದೆ. ಅದರ 2013ರ ಆವೃತ್ತಿ ಹೇಳುವ ಪ್ರಕಾರ ಯಾವ ದೀಪವೂ ಇಲ್ಲದೆ, ಚಾಲಕರೇ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗಲಿ ಅಂತ ಬಿಡಬಹುದಾದ ಜಾಗ 50 ಮೀಟರ್ ಮೀರಬಾರದು. ಅದೂ ಎರಡೂ ದಿಕ್ಕು ಸೇರಿ ಮೂರು ನಿಮಿಷಕ್ಕೆ 20ಕ್ಕಿಂತ ಕಡಿಮೆ ವಾಹನ ಬರುವ, ವೇಗದ ಮಿತಿ ಗಂಟೆಗೆ ಸುಮಾರು 48 ಕಿ.ಮೀ. ಒಳಗಿರುವ ರಸ್ತೆಯಲ್ಲಿ ಮಾತ್ರ. ಒಂದು ತುದಿಯಿಂದ ಇನ್ನೊಂದು ತುದಿ ಕಾಣಲೇಬೇಕು. ಸಾಗಿಸಬಹುದಾದ ಸಿಗ್ನಲ್ ಇಟ್ಟರೆ ಜಾಗ 300 ಮೀಟರ್‌ವರೆಗೆ ಇರಬಹುದು. ಆದರೆ ಜನ ನಿಂತು ‘ನಿಲ್ಲಿ’, ‘ಹೋಗಿ’ ಬೋರ್ಡ್ ತಿರುಗಿಸುವುದಾದರೆ 500 ಮೀಟರ್‌ವರೆಗೂ ಬಿಡುತ್ತಾರೆ. ಆ 500 ಮೀಟರ್‌ಗೂ ಮಿತಿ ಇದೆ, ಗಂಟೆಗೆ ಎರಡೂ ಕಡೆ ಸೇರಿ 850 ವಾಹನ. ಯಂತ್ರಕ್ಕಿಂತ ಮನುಷ್ಯರಿಗೆ ಯಾಕೆ ಜಾಸ್ತಿ ಉದ್ದ? ಬೋರ್ಡ್ ಹಿಡಿದವರು ಸೈಕಲ್ಲಿನವರನ್ನು ಕಣ್ಣಲ್ಲಿ ನೋಡುತ್ತಾರೆ, ವಾಕಿಟಾಕಿಯಲ್ಲಿ ‘ನಿಲ್ಲು, ಒಬ್ಬರು ಇನ್ನೂ ಬರಬೇಕು’ ಅನ್ನುತ್ತಾರೆ. ನನಗೆ ತೋರುವ ಕಾರಣ ಇದು.

ಈಗಿನ ಸಿಗ್ನಲ್‌ಗಳ ತಲೆಯ ಮೇಲೆ ರಾಡಾರ್ ಡಿಟೆಕ್ಟರ್ ಇರುತ್ತದೆ ನಿಜ. ವಾಹನ ಬರುತ್ತಿದ್ದರೆ ಹಸಿರನ್ನು ಸ್ವಲ್ಪ ಎಳೆಯುತ್ತದೆ, ಯಾರೂ ಇಲ್ಲದಿದ್ದರೆ ಬೇಗ ಮುಗಿಸುತ್ತದೆ. ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಅದು ನೋಡುವುದು ಬರುವವರ ಕಡೆಗೆ. ಒಳಗೆ ಹೋದವರು ಹೊರಗೆ ಬಂದರೋ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನೂ ನೋಡುವ ಹಾಗೆ ಬೇರೆ ಡಿಟೆಕ್ಟರ್ ಜೋಡಿಸದಿದ್ದರೆ, ಡಿಟೆಕ್ಟರ್ ಇದೆ ಅನ್ನುವ ಧೈರ್ಯದಲ್ಲಿ ಆಲ್ ರೆಡ್ ಕಡಿಮೆ ಮಾಡುವಂತಿಲ್ಲ. ಇನ್ನೊಂದು ಸಣ್ಣ ತೊಡಕು ಎಂದರೆ, ನಿಲ್ಲುವ ಗೆರೆಯಿಂದ ದೂರದಲ್ಲೇ ನಿಂತ ವಾಹನ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಕೆಂಪು ಇದ್ದಾಗ ಇಲ್ಲಿ ನಿಲ್ಲಿ ಎಂಬ ಬೋರ್ಡ್ ಇಡುವುದು ಈ ಕಾರಣಕ್ಕೂ ಹೌದು. ಚಾಲಕರು ಆ ಬೋರ್ಡಿನ ಹತ್ತಿರ ಬಂದು ನಿಂತರೆ ಯಂತ್ರಕ್ಕೆ ಕಾಣುತ್ತಾರೆ.

ದೀಪಕ್ಕಿಂತ ಮೊದಲು ಸಾಲಿನ ಬಾಲ

ಸಿಗ್ನಲ್ ಎಲ್ಲಿಡಬೇಕು ಅಂದಾಗ ನಾವೆಲ್ಲ ಯೋಚಿಸುವುದು ಕಂಬದ ಬಗ್ಗೆ. ಆದರೆ ಡಿಕ್ಕಿ ಆಗುವ ಇನ್ನೊಂದು ಜಾಗ ಕಂಬದ ಹತ್ತಿರ ಇರುವುದಿಲ್ಲ, ಸಾಲಿನ ಕೊನೆಯಲ್ಲಿ ಇರುತ್ತದೆ. ಹದಿನೈದು ವಾಹನ ನಿಂತರೆ ಸಾಲು ಸುಮಾರು ನೂರು ಮೀಟರ್ ಆಯಿತು. ಆ ಸಾಲಿನ ಬಾಲ ಒಂದು ತಿರುವಿನ ಆಚೆಗೋ, ದಿಬ್ಬದ ಇಳಿಜಾರಿಗೋ ಹೋಗಿದ್ದರೆ ಹಿಂದಿನಿಂದ ವೇಗವಾಗಿ ಬರುವವರಿಗೆ ಅದು ಕಾಣುವುದೇ ಇಲ್ಲ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಚಾಲಕರು ಅಪಾಯ ಕಂಡು ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 55 ಮೀಟರ್ ಮುಂದೆ ಬಂದಿರುತ್ತಾರೆ. ಮತ್ತೆ ಬ್ರೇಕ್ ಹಿಡಿದು ನಿಲ್ಲಲು 70 ಮೀಟರ್‌ಗಿಂತ ಜಾಸ್ತಿ ಬೇಕು. ಒಟ್ಟು ಸುಮಾರು 130 ಮೀಟರ್. 50 ಕಿ.ಮೀ. ವೇಗಕ್ಕಾದರೆ 63 ಮೀಟರ್ ಸಾಕು. ಅಮೆರಿಕದ ಕೈಪಿಡಿ ಇದಕ್ಕೂ ಸ್ವಲ್ಪ ಹೆಚ್ಚೇ ಕೇಳುತ್ತದೆ. ವಾಹನಗಳು 80 ಕಿ.ಮೀ. ವೇಗದಲ್ಲಿ ಓಡುವ ರಸ್ತೆಯಲ್ಲಿ ಸಿಗ್ನಲ್ ದೀಪ ಸುಮಾರು 165 ಮೀಟರ್ ದೂರದಿಂದಲೇ ಎಡೆಬಿಡದೆ ಕಾಣುತ್ತಿರಬೇಕು ಅನ್ನುತ್ತದೆ. ಕಾಣದಿದ್ದರೆ ಮುಂದೆ ಸಿಗ್ನಲ್ ಇದೆ ಅಂತ ಹೇಳುವ ಬೋರ್ಡ್ ಬೇಕೇ ಬೇಕು.

ಈ ದೂರವನ್ನು ಎಲ್ಲಿಂದ ಅಳೆಯಬೇಕು ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ. ದೀಪದಿಂದ ಅಳೆದು ಬೋರ್ಡ್ ಇಟ್ಟರೆ ಬೆಳಗಿನ ರಶ್ಶಿನಲ್ಲಿ ಸಾಲು ಆ ಬೋರ್ಡನ್ನೇ ದಾಟಿ ಹೋಗಿರುತ್ತದೆ. ಎಚ್ಚರಿಕೆ ಸಿಗುವುದು ಅಪಾಯ ದಾಟಿದ ಮೇಲೆ! ಹಾಗಾಗಿ ದಿನದ ಅತಿ ಉದ್ದದ ಸಾಲು ಎಲ್ಲಿ ಮುಗಿಯುತ್ತದೆ ಅಂತ ನೋಡಿ, ಮೊದಲ ಬೋರ್ಡನ್ನು ಅದಕ್ಕೂ ಹಿಂದೆ ಇಡಬೇಕು. ರಸ್ತೆ ಕೆಲಸದ ಜಾಗವನ್ನು ನಾಲ್ಕು ಭಾಗ ಮಾಡಿ ನೋಡುವ ರೂಢಿ ಇದೆ: ಮುನ್ನೆಚ್ಚರಿಕೆಯ ಭಾಗ, ವಾಹನಗಳು ಪಥ ಬದಲಿಸುವ ಭಾಗ, ಕೆಲಸದ ಭಾಗ, ಮತ್ತೆ ಮಾಮೂಲಿಗೆ ಮರಳುವ ಭಾಗ. ಅಮೆರಿಕದ ಕೈಪಿಡಿಯೂ, ನಮ್ಮ ದೇಶದ ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿಯೂ ಹೀಗೇ ವಿಂಗಡಿಸುತ್ತವೆ. ಇದರಲ್ಲಿ ಮೊದಲನೆಯ ಭಾಗವೇ ಎಲ್ಲಕ್ಕಿಂತ ಉದ್ದವಾಗಿರಬೇಕಾದದ್ದು, ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಸಿಗುವುದೂ ಅದೇ.

ಸಾಲಿನ ಬಾಲ ರೈಲ್ವೆ ಗೇಟಿನ ಹಳಿಯ ಮೇಲೆ ನಿಲ್ಲುವಂತಾದರೆ? ಹಿಂದೆಯೂ ವಾಹನ, ಮುಂದೆಯೂ ವಾಹನ. ರೈಲು ಬಂದರೆ ಎಲ್ಲಿಗೆ ಹೋಗುವುದು? ಇದನ್ನು ತಪ್ಪಿಸಲು ಆಗದೇ ಇದ್ದರೆ ಗೇಟಿನ ಹತ್ತಿರ ಪೊಲೀಸರು ಅಥವಾ ಬಾವುಟ ಹಿಡಿದವರು ಇರಲೇಬೇಕು ಅಂತ ಅಮೆರಿಕದ ನಿಯಮ ಹೇಳುತ್ತದೆ. ಹತ್ತಿರದಲ್ಲೇ ಇನ್ನೊಂದು ಸಿಗ್ನಲ್ ಇದ್ದರೂ ಯೋಚಿಸಬೇಕು. ಸುಮಾರು 800 ಮೀಟರ್ ಒಳಗೆ ಕಾಯಂ ಸಿಗ್ನಲ್ ಇದ್ದರೆ ಎರಡನ್ನೂ ಜೋಡಿಸಿ ನಡೆಸುವುದನ್ನು ಪರಿಗಣಿಸಿ ಎನ್ನುವುದು ಅದೇ ಕೈಪಿಡಿಯ ಸಲಹೆ. ಇಲ್ಲದಿದ್ದರೆ ಅಲ್ಲಿ ಬಿಟ್ಟ ವಾಹನಗಳೆಲ್ಲ ಇಲ್ಲಿ ಬಂದು ಗುಡ್ಡೆ ಬೀಳುತ್ತವೆ.

ಯಾರ ದೀಪ, ಯಾರ ಜವಾಬ್ದಾರಿ

ಬಾಡಿಗೆಗೆ ಸಿಗ್ನಲ್ ತಂದು ರಸ್ತೆಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಅದು ಸಿಗ್ನಲ್ ಆಗುವುದಿಲ್ಲ. ಕೆಂಪು ದೀಪ ಅಂದರೆ ಕಾನೂನಿನ ಆಜ್ಞೆ. ಆಜ್ಞೆ ಕೊಡಲು ಅಧಿಕಾರ ಬೇಕು. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಸಂಚಾರ ಚಿಹ್ನೆ ನಿಲ್ಲಿಸುವ ಅಧಿಕಾರವನ್ನು ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ ಮಾತ್ರ ಇಟ್ಟಿದೆ. ಬ್ರಿಟನ್ನಿನಲ್ಲಿ ರಸ್ತೆಯ ಪ್ರಾಧಿಕಾರಕ್ಕೆ ತಿಳಿಸಬೇಕು. ರಸ್ತೆಗಳು ಕೂಡುವ ಜಾಗದಲ್ಲಿ ಸಿಗ್ನಲ್ ಇಡುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು.

ಇದನ್ನು ಬರೀ ಕಾಗದದ ಕೆಲಸ ಅಂದುಕೊಳ್ಳಬಾರದು. ಅನುಮತಿ ಕೇಳಿದಾಗ ಯಾರೋ ಒಬ್ಬರು ನಕ್ಷೆ ನೋಡುತ್ತಾರೆ. ಅದೇ ರಸ್ತೆಯಲ್ಲಿ ಮುಂದಿನ ವಾರ ಇನ್ನೊಬ್ಬರು ಅಗೆಯಲಿದ್ದಾರೆಯೇ, ಬದಲಿ ದಾರಿಯಲ್ಲೂ ಕೆಲಸ ನಡೆದಿದೆಯೇ, ಆಂಬುಲೆನ್ಸ್ ಹೋಗುವ ದಾರಿ ಇದೇನಾ ಅಂತ ಕೇಳಲು ಅದೊಂದೇ ಅವಕಾಶ. ಅಪಘಾತವಾದ ಮೇಲೆ ಟೈಮರ್‌ನಲ್ಲಿ ಎಷ್ಟು ಸೆಕೆಂಡ್ ಇಟ್ಟಿದ್ದರು, ಯಾರು ಇಟ್ಟರು ಎಂಬುದಕ್ಕೆ ದಾಖಲೆ ಸಿಗುವುದೂ ಅಲ್ಲೇ.

ದೀಪ ಕೆಟ್ಟರೆ ಏನಾಗಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು. ಎರಡು ಕಂಬಗಳು ರೇಡಿಯೊ ಮೂಲಕವೋ ವೈರ್ ಮೂಲಕವೋ ಮಾತಾಡುತ್ತಿರುತ್ತವೆ. ಆ ಸಂಪರ್ಕ ತಪ್ಪಿದರೆ ಎರಡೂ ಕಡೆ ಹಸಿರು ಬರುವ ಸಾಧ್ಯತೆಯೇ ಇರಬಾರದು. ಅಮೆರಿಕದ ಕೈಪಿಡಿ ಇದನ್ನು ಸಲಹೆಯಾಗಿ ಬಿಟ್ಟಿಲ್ಲ, ಕಡ್ಡಾಯ ಮಾಡಿದೆ. ಮಿನುಗುವ ಸ್ಥಿತಿಗೆ ಹೋದರೆ ಎರಡೂ ಕಡೆ ಕೆಂಪೇ ಮಿನುಗಬೇಕು ಎನ್ನುತ್ತದೆ. ಹಳದಿ ಮಿನುಗಿದರೆ ಎರಡೂ ಕಡೆಯವರು ‘ನಿಧಾನವಾಗಿ ಹೋದರಾಯಿತು’ ಅಂದುಕೊಂಡು ಒಳಗೆ ನುಗ್ಗಿಬಿಡುತ್ತಾರೆ. ಬ್ಯಾಟರಿ ಪೂರ್ತಿ ಸತ್ತು ದೀಪವೇ ಆರಿದರೆ ಇನ್ನೂ ಕಷ್ಟ. ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ಒಬ್ಬರ ಫೋನ್ ನಂಬರ್ ಬೋರ್ಡಿನ ಮೇಲೆ ಇರಬೇಕು. ಅವರು ಬಂದು ಕೈಯಲ್ಲಿ ಬೋರ್ಡ್ ಹಿಡಿದು ವಾಹನ ಬಿಡುವ ವ್ಯವಸ್ಥೆಯೂ ಇರಬೇಕು. ಯಾವಾಗಲೂ ಕೆಂಪಲ್ಲೇ ನಿಂತುಬಿಟ್ಟ ಸಿಗ್ನಲ್ ಒಂದು ರಾತ್ರಿ ಇದ್ದರೆ ಸಾಕು, ಮರುದಿನ ಸರಿಹೋದ ಮೇಲೂ ಜನ ಅದನ್ನು ನಂಬುವುದಿಲ್ಲ.

ಎರಡು ದೀಪಗಳ ನಡುವೆ ಮನೆ ಇರುವವರ ಪಾಡು ಬಹಳ ಸಲ ಯಾರ ನಕ್ಷೆಯಲ್ಲೂ ಇರುವುದಿಲ್ಲ. ಅವರು ಗೇಟ್ ತೆಗೆದು ಹೊರಗೆ ಬಂದರೆ ಎಡಕ್ಕೂ ಸಿಗ್ನಲ್‌ನ ಬೆನ್ನು, ಬಲಕ್ಕೂ ಸಿಗ್ನಲ್‌ನ ಬೆನ್ನು. ಈಗ ಯಾವ ದಿಕ್ಕಿನ ವಾಹನ ಓಡುತ್ತಿದೆ ಅಂತ ಅವರಿಗೆ ತಿಳಿಯುವುದು ಹೇಗೆ? ಒಂದೆರಡು ಮನೆಯಾದರೆ ಒಂದು ವಾಹನ ಹೋಗುವುದನ್ನು ನೋಡಿ ಅದರ ಹಿಂದೆಯೇ ಸೇರಿಕೊಳ್ಳಿ ಅಂತ ಮೊದಲೇ ಹೇಳಿಡಬಹುದು. ಸಣ್ಣ ಅಡ್ಡರಸ್ತೆಯೇ ನಡುವೆ ಬಂದು ಸೇರುತ್ತಿದ್ದರೆ ಅಷ್ಟು ಸಾಲದು. ಅದಕ್ಕೆ ಮೂರನೆಯ ದೀಪ ಬೇಕು, ಮೂರನೆಯ ಸರದಿ ಬೇಕು. ಆಗ ಎಲ್ಲರ ಕಾಯುವಿಕೆಯೂ ಬೆಳೆಯುತ್ತದೆ. ಆ ಅಡ್ಡರಸ್ತೆಯನ್ನು ನಾಲ್ಕು ದಿನ ಮುಚ್ಚುವುದೇ ವಾಸಿಯೋ ಅಂತ ಲೆಕ್ಕ ಹಾಕಬೇಕಾಗುತ್ತದೆ.

ನಡೆಯುವವರಿಗಂತೂ ದೀಪವೇ ಇರುವುದಿಲ್ಲ. ಸಿಗ್ನಲ್ ಕಂಬ, ಅದರ ಬ್ಯಾಟರಿ ಪೆಟ್ಟಿಗೆ, ಬೋರ್ಡಿನ ಕಾಲು, ಎಲ್ಲವನ್ನೂ ತಂದಿಡುವುದು ಕಾಲುದಾರಿಯ ಮೇಲೆ. ಗಾಲಿಕುರ್ಚಿಯವರು, ಮಗುವನ್ನು ಗಾಡಿಯಲ್ಲಿ ತಳ್ಳುವವರು, ಕೋಲು ತಟ್ಟುತ್ತಾ ನಡೆಯುವವರು ರಸ್ತೆಗೆ ಇಳಿಯಬೇಕು. ಇಳಿಯುವುದು ಎಲ್ಲಿಗೆ? ವಾಹನಕ್ಕೇ ಜಾಗ ಸಾಲದ ಆ ಒಂದು ಸಾಲಿಗೆ. ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಂಬ ನಿಲ್ಲಿಸುವ ಮೊದಲು ನಡೆಯುವವರಿಗೆ ಬೇರೆ ದಾರಿ ಬ್ಯಾರಿಕೇಡ್ ಕಟ್ಟಿ ಬಿಟ್ಟುಕೊಟ್ಟಿದ್ದೇವೆಯೇ ಅಂತ ನೋಡುವುದು ಐದು ನಿಮಿಷದ ಕೆಲಸ.

ಕೆಲಸ ಮುಗಿದ ಮೇಲಿನ ಮಾತು ಉಳಿಯಿತು. ಸಂಜೆ ಜನ ಮನೆಗೆ ಹೋದರು, ಗುಂಡಿ ಮುಚ್ಚಿದೆ, ರಸ್ತೆಯ ಎರಡೂ ಬದಿ ತೆರೆದಿದೆ. ದೀಪ ಮಾತ್ರ ಉರಿಯುತ್ತಲೇ ಇದೆ. ಇಂಥ ಕೆಂಪನ್ನು ದಾಟಿದ ಚಾಲಕರಿಗೆ ಏನೂ ಆಗುವುದಿಲ್ಲ. ಆದರೆ ಕೆಂಪು ದಾಟಿದರೂ ಏನೂ ಆಗುವುದಿಲ್ಲ ಎಂದು ಅವರು ಕಲಿತದ್ದು ಇಲ್ಲೇ, ಮತ್ತು ಅದನ್ನು ಮುಂದಿನ ಸಿಗ್ನಲ್‌ಗೂ ಒಯ್ಯುತ್ತಾರೆ. ಅದಕ್ಕೇ ಬಳಕೆಯಲ್ಲಿ ಇಲ್ಲದ ದೀಪವನ್ನು ಮುಚ್ಚಿಡಿ ಇಲ್ಲವೇ ತೆಗೆದುಬಿಡಿ ಅನ್ನುವುದು ನಿಯಮ. ದಪ್ಪ ಚೀಲ ಹಾಕಿ ಕಟ್ಟಿದರೂ ಸಾಕು.

ತೆಗೆಯುವುದಕ್ಕೂ ಒಂದು ಕ್ರಮ ಇದೆ. ಇಡುವಾಗ ದೂರದ ಎಚ್ಚರಿಕೆ ಬೋರ್ಡ್ ಮೊದಲು, ಆಮೇಲೆ ಕೋನ್, ಕೊನೆಗೆ ಸಿಗ್ನಲ್ ಮತ್ತು ಕೆಲಸ. ತೆಗೆಯುವಾಗ ಇದೇ ಉಲ್ಟಾ. ಗುಂಡಿ ಮುಚ್ಚಿ, ಯಂತ್ರ ಹೊರಗೆ ಹೋಗಿ, ದೀಪ ಆರಿ, ಕೋನ್ ಎತ್ತಿ ಲಾರಿಗೆ ಹಾಕಿದ ಮೇಲೂ ಆ ಮೊದಲ ಬೋರ್ಡ್ ತನ್ನ ಜಾಗದಲ್ಲೇ ಇರಬೇಕು. ಕೋನ್ ಎತ್ತುವವರ ಬೆನ್ನಿಗೆ ಅಷ್ಟು ಹೊತ್ತು ಕಾವಲಿರುವುದು ಅದೊಂದೇ. ಕೊನೆಯ ಕೆಲಸಗಾರರು ರಸ್ತೆಯಿಂದ ಬದಿಗೆ ಬಂದ ಮೇಲೆ ಅದನ್ನು ಮಡಚಬೇಕು.